ಯಾಕೂಬ ಕೇಳಿದ ಪಾಠ

ಯಮಕನಮರಡಿಯ ಯಾಕೂಬನ ಮನೆಗೆ ಇದ್ದದ್ದು ಒಂದೇ ಸ್ಮಾರ್ಟ್‌ಫೋನು. ಅದು ಅವನೊಂದಿಗೆ ಲಾರಿಯಲ್ಲಿ ತಿರುಗುತ್ತಿತ್ತು. ಸಂಕೇಶ್ವರದಲ್ಲಿ ಸಕ್ಕರೆ ಹೇರಿಕೊಂಡು ಪುಣೆಯತ್ತ ಹೊರಟರೆ ನಾಲ್ಕು ದಿನ ಮನೆಯಿಲ್ಲ. ಮಾಲಕ ಯಾವ ಹೊತ್ತಿಗೆ ಕರೆಯುತ್ತಾನೋ, ಫೋನು ಬಿಟ್ಟುಹೋಗುವ ಮಾತೇ ಇರಲಿಲ್ಲ.

ಕೊರೊನಾ ಬಂದು ಶಾಲೆ ಮುಚ್ಚಿದ ವರ್ಷ ಮಗಳು ಕೈನಾತಳ ಐದನೆಯ ತರಗತಿಯ ಪಾಠಗಳೂ ಆ ಫೋನಿಗೇ ಬರತೊಡಗಿದವು. ವಿಠ್ಠಲ ಮಾಸ್ತರರು ತಮ್ಮ ದನಿಯಲ್ಲೇ ಪಾಠ ಹೇಳಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಯಾರು ತೆರೆದು ಕೇಳಿದರೆಂಬುದು ನನಗೆ ಕಾಣುತ್ತದೆ, ಅದೇ ಹಾಜರಿ ಎಂದಿದ್ದರು. ಮಗಳ ಹಾಜರಿ ತಪ್ಪಬಾರದೆಂದು ಯಾಕೂಬ ದಿನವೂ ಲಾರಿಯನ್ನು ರಸ್ತೆಬದಿಗೆ ಹಚ್ಚಿ ಪಾಠ ತೆರೆಯುತ್ತಿದ್ದ. ಊರಿಗೆ ಹೋದಾಗ ಎಲ್ಲವನ್ನೂ ಕೇಳಿಸಿದರಾಯಿತು ಎಂದುಕೊಳ್ಳುತ್ತಿದ್ದ. ಊರಿಗೆ ಬಂದರೆ ಕಣ್ಣ ತುಂಬ ನಿದ್ದೆ. ಕೈನಾತ ದಿಂಬಿನ ಕೆಳಗಿನ ಫೋನನ್ನೂ ಗೊರಕೆ ಹೊಡೆಯುವ ಅಬ್ಬಾನನ್ನೂ ನೋಡಿ ಹಿಂದಿರುಗುತ್ತಿದ್ದಳು.

ಬರಬರುತ್ತ ಪಾಠ ಅವನಿಗೇ ರುಚಿಸತೊಡಗಿತು. ಮೂರನೆಯ ತರಗತಿಗೇ ಶಾಲೆ ಬಿಟ್ಟವನು. ಭಿನ್ನರಾಶಿಯ ಲೆಕ್ಕ ತಲೆಗೆ ಹತ್ತಿದ ದಿನ ಢಾಬಾದಲ್ಲಿ ರೊಟ್ಟಿಯನ್ನು ಆರು ತುಂಡು ಮಾಡಿ, ಒಬ್ಬನೇ ನಕ್ಕಿದ್ದ.

ಶಾಲೆ ತೆರೆದಾಗ ಮಾಸ್ತರರು ಅವನನ್ನೂ ಕರೆಸಿದರು.

“ನಿಮ್ಮ ಹುಡುಗಿ ಒಂದ್ ದಿನಾನೂ ತಪ್ಪಿಸಿಲ್ಲ ನೋಡ್ರಿ,” ಎಂದು ಹೆಮ್ಮೆಯಿಂದ ಅವಳನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಅರ್ಧಕ್ಕೆ ಮೂರನೇ ಒಂದು ಕೂಡಿಸಲು ಹೇಳಿದರು.

ಕೈನಾತ ಸೀಮೆಸುಣ್ಣ ಎತ್ತಿಕೊಂಡು, ಏನೂ ಬರೆಯದೆ ಕೆಳಗಿಟ್ಟಳು. ಉತ್ತರ ಯಾಕೂಬನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

“ಈ ಕಿವ್ಯಾಗ ಕೇಳಿ ಆ ಕಿವ್ಯಾಗ ಬಿಟ್ಟಿ ಏನ್? ಫೋನ್ ಮನ್ಯಾಗ ಇದ್ದಿದ್ದಿಲ್ಲೇನು?” ಎಂದು ಮಾಸ್ತರರು ಗದರಿದರು.

“ಇತ್ರಿ ಸರ. ನಾನ ಲಕ್ಷ್ಯ ಕೊಡಲಿಲ್ಲ,” ಎಂದಳು, ಅಪ್ಪನ ಕಡೆ ನೋಡದೆ.

ಹಾಗಾದರೆ ಕೆಳಗಿನ ತರಗತಿಯ ಮಕ್ಕಳ ಜೊತೆ ಕೂತು ಮತ್ತೆ ಕಲಿ ಎಂದರು ಮಾಸ್ತರರು. ಯಾಕೂಬ ತಲೆತಗ್ಗಿಸಿ ಅಂಗಳಕ್ಕೆ ಬಂದುಬಿಟ್ಟ. ಚೀಲ ಎತ್ತಿಕೊಂಡು ಚಿಕ್ಕವರ ಸಾಲಿನತ್ತ ನಡೆಯುವ ಮಗಳು ಕಿಟಕಿಯಲ್ಲಿ ಕಂಡಳು. ಕಾಲು ಮುಂದಕ್ಕೆ ಏಳಲಿಲ್ಲ. ತಿರುಗಿ ಒಳಗೆ ಹೋದ.

“ಸರ, ಅಕಿ ಸುಳ್ಳ ಹೇಳಾಕತ್ತಾಳ್ರಿ. ಫೋನ್ ನನ್ನ ಲಾರ್ಯಾಗಿತ್ತು. ಅಕಿ ಒಂದ ಪಾಠಾನೂ ಕೇಳಿಲ್ಲ. ಕೇಳಿದಾಂವ ನಾನು. ಆರರಾಗ ಐದ್ರಿ, ಅದರ ಉತ್ತರ.”

ಮಾಸ್ತರರು ಆ ಉತ್ತರವನ್ನು ತಾವೇ ಬೋರ್ಡಿನ ಮೇಲೆ ಬರೆದರು. ಆಮೇಲೆ ಕೈನಾತಳನ್ನು ಅವಳ ಜಾಗಕ್ಕೆ ಕರೆದು, ದಿನಾ ಸಂಜೆ ಒಂದು ತಾಸು ನಿಂತು ಹೋಗು, ನಾನೇ ಹೇಳಿಕೊಡುತ್ತೇನೆ ಎಂದರು.

ಅಲ್ಲಿಯವರೆಗೆ ಅಳದ ಹುಡುಗಿ ಆಗ ಅತ್ತಳು. “ನನಗ ಒಂದ ದಿನಾನೂ ಕೇಳಸಲಿಲ್ಲ ಅಬ್ಬಾ,” ಎಂದು, ಯಾಕೂಬ ಹೆಗಲ ಮೇಲೆ ಇಟ್ಟ ಕೈಯನ್ನು ಕೊಡವಿದಳು. ಅವನು ಕೈಯನ್ನು ಮತ್ತೆ ಇಡಲಿಲ್ಲ.