ಟೇಪಿನ ಲೆಕ್ಕ

ನನ್ನ ಗಂಡನಿಗೆ ಈ ಬೀದಿಯಲ್ಲಿ ಟೇಪಣ್ಣ ಎಂದೇ ಹೆಸರು. ಬೆಳಿಗ್ಗೆ ಎದ್ದವರು ಮೊದಲು ಕುತ್ತಿಗೆಗೆ ಟೇಪು ಹಾಕಿಕೊಳ್ಳುತ್ತಾರೆ, ಆಮೇಲೆ ಕನ್ನಡಕ ಹುಡುಕುತ್ತಾರೆ. ಊಟಕ್ಕೆ ಕೂತಾಗಲೂ ಅದು ಅಲ್ಲೇ ಜೋತಾಡುತ್ತಿರುತ್ತದೆ. ಎಷ್ಟೋ ಸಲ ಅದರ ತುದಿ ತಟ್ಟೆಗೆ ಬಿದ್ದು, ಆಮೇಲೆ ಯಾರದೋ ಬಿಳಿ ಬಟ್ಟೆಗೆ ಕಲೆ ಅಂಟಿ, ನಾನು ನಿಂಬೆಹಣ್ಣು ಹಾಕಿ ಉಜ್ಜಿದ್ದುಂಟು.

ನಮ್ಮದು ಹೆಂಗಸರ, ಮಕ್ಕಳ ಬಟ್ಟೆ ಹೊಲಿಯುವ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಎರಡು ಮಿಷನ್ನು, ಬಟ್ಟೆ ಕತ್ತರಿಸಲು ಒಂದು ದೊಡ್ಡ ಮೇಜು, ಮೂಲೆಯಲ್ಲಿ ಪರದೆ. ಪರದೆಯ ಒಳಗೆ ಅಳತೆ ತೆಗೆಯುವವಳು ನಾನು, ಹೊರಗೆ ಬರೆದುಕೊಳ್ಳುವವರು ಇವರು. ನಾನು "ಭುಜ ಹದಿನಾಲ್ಕು" ಎಂದು ಒಳಗಿಂದ ಕೂಗಿದರೆ ಇವರು ಚೀಟಿಯಲ್ಲಿ ಬರೆದು, ಬಟ್ಟೆಯ ಮೂಲೆಯಿಂದ ಒಂದು ಚೂರು ಕತ್ತರಿಸಿ ಅದಕ್ಕೆ ಪಿನ್ನು ಹೊಡೆಯುತ್ತಾರೆ. ಚೀಟಿ ತರದವರಿಗೆ ಬಟ್ಟೆ ಕೊಡುವುದಿಲ್ಲ. ಎದುರು ಮನೆಯವರಾದರೂ ಅಷ್ಟೇ, ನನ್ನ ತವರಿನವರಾದರೂ ಅಷ್ಟೇ. ಅಳತೆ ಇಲ್ಲದೆ, ಚೀಟಿ ಇಲ್ಲದೆ ಇವರು ಹೊಲಿಯುತ್ತಿದ್ದದ್ದು ಒಬ್ಬಳಿಗೆ ಮಾತ್ರ. ತಂಗಿಗೆ.

ಈ ನಾದಿನಿಯನ್ನು ಇವರು ಸಾಕಿದ ಕತೆ ಕೇಳದ ಗಿರಾಕಿಯೇ ಇಲ್ಲ. ಅಪ್ಪ ಅಮ್ಮ ಇಲ್ಲದ ಮೇಲೆ ಇವರು ಬೇರೆಯವರ ಅಂಗಡಿಯಲ್ಲಿ ಕಾಜಾ ಗುಂಡಿ ಕೆಲಸಕ್ಕೆ ಸೇರಿದರು. ಮನೆಯಲ್ಲಿ ನೋಡುವವರಿಲ್ಲದ ತಂಗಿಯನ್ನೂ ಜೊತೆಗೇ ಕರೆದುಕೊಂಡು ಹೋಗುತ್ತಿದ್ದರಂತೆ. ಅವಳು ಮೇಜಿನ ಕೆಳಗೆ, ಚಿಂದಿ ಬಟ್ಟೆಯ ರಾಶಿಯ ಮೇಲೆ ಕೂತು ಓದುವುದು. ಕಳೆಯುವ ಲೆಕ್ಕ ಅವಳ ತಲೆಗೆ ಹತ್ತದೆ ಒಂದು ದಿನ ಗೊಳೋ ಎಂದು ಅತ್ತಾಗ ಇವರು ಕುತ್ತಿಗೆಯ ಟೇಪು ತೆಗೆದು ನೆಲದ ಮೇಲೆ ಹಾಸಿದರು. "ನೂರರಲ್ಲಿ ಮೂವತ್ತೆಂಟು ಕಳೀಬೇಕಾ? ಮೂವತ್ತೆಂಟರ ಮೇಲೆ ಬೆರಳಿಡು. ನಲವತ್ತಕ್ಕೆ ಎಷ್ಟು ಹತ್ತಬೇಕು? ಎರಡು. ಅಲ್ಲಿಂದ ನೂರಕ್ಕೆ? ಅರವತ್ತು. ಎರಡೂ ಕೂಡ್ಸು. ಅಷ್ಟೇ ಕಣೇ ಕಳೆಯೋದು ಅಂದ್ರೆ." ಅವಳು ಕಣ್ಣೊರೆಸಿಕೊಂಡು ನಕ್ಕಳಂತೆ. ಮುಂದೆ ಪರೀಕ್ಷೆಯಲ್ಲೂ ಹಾಳೆಯ ಅಂಚಿನಲ್ಲಿ ಒಂದು ಟೇಪಿನ ಗೆರೆ ಎಳೆದುಕೊಂಡೇ ಲೆಕ್ಕ ಮಾಡಿದಳಂತೆ.

ಅವಳು ಓದಿ ಮಿಸ್ ಆದಳು. ಶಾಲೆಗೆ ಸೇರುವಾಗ ಹಾಕಿಕೊಳ್ಳಲು ಇವರೇ ಒಂದು ಕಡುನೀಲಿ ಕೋಟು ಹೊಲಿದರು. ಅಳತೆ ತೆಗೆಯಲು ನಾನು ಟೇಪು ಹಿಡಿದು ಹೊರಟರೆ, "ಅವಳ ಅಳತೆ ನನಗೆ ಗೊತ್ತಿಲ್ವಾ?" ಎಂದು ನನ್ನನ್ನು ಸುಮ್ಮನಾಗಿಸಿದರು. ಕೋಟು ಅವಳ ಮೈಮೇಲೆ ಹೇಗೆ ಕೂತಿತೆಂದರೆ, ಹೊಟ್ಟೆಕಿಚ್ಚಿನವಳಾದ ನಾನೂ ಬಾಯಿ ಮುಚ್ಚಿಕೊಂಡೆ. ಬದುಕಿನಲ್ಲಿ ತಾನು ಮಾಡಿದ ಒಂದು ಒಳ್ಳೆಯ ಕೆಲಸ ತಂಗಿ ಎಂದು ಇವರು ನಂಬಿದ್ದರು. ಅದೊಂದನ್ನು ಕಿತ್ತುಕೊಂಡರೆ ಈ ಮನುಷ್ಯನ ಹತ್ತಿರ ಉಳಿಯುವುದು ಎರಡು ಮಿಷನ್ನು ಮತ್ತು ಬೆನ್ನುನೋವು.

ಈ ವರ್ಷ ನಮ್ಮ ಮಗಳು ಅದೇ ಶಾಲೆಯಲ್ಲಿ ಅವಳದೇ ತರಗತಿಗೆ ಬಂದಳು. ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲ ವಾರವೇ ಮಗಳು ಬಂದು, "ಶಾಲೇಲಿ ಅತ್ತೆ ಅನ್ಬಾರ್ದಂತೆ. ಮಿಸ್ ಅಂತಾನೇ ಅನ್ಬೇಕಂತೆ. ಯಾರಿಗೂ ಹೇಳ್ಬಾರ್ದಂತೆ" ಎಂದಳು.

"ಮತ್ತೆ? ಭೇದಭಾವ ಮಾಡ್ದಂಗೆ ಇರ್ಬೇಕಲ್ಲ. ಎಷ್ಟು ಶಿಸ್ತು ನೋಡು ನನ್ ತಂಗೀದು" ಎಂದು ಇವರು ಬೀಗಿದರು. ನಿಜ ಹೇಳಬೇಕೆಂದರೆ ನನಗೂ ಅದು ಸರಿ ಎನ್ನಿಸಿತ್ತು.

ಆಮೇಲೆ ಗಣಿತದ ಉತ್ತರ ಪತ್ರಿಕೆ ಬಂತು. ಕಳೆಯುವ ಲೆಕ್ಕ ಎಷ್ಟಿದ್ದವೋ ಅಷ್ಟಕ್ಕೂ ಕೆಂಪು ಗೆರೆ ಹೊಡೆದಿತ್ತು. ಮಗಳು ಮುಖ ಸಪ್ಪೆ ಮಾಡಿಕೊಂಡು ಮಿಷನ್ನಿನ ಪಕ್ಕ ನಿಂತಿದ್ದಳು. ನಾನು ಒಂದೊಂದೇ ಲೆಕ್ಕ ಮಾಡಿ ನೋಡಿದೆ. ಉತ್ತರ ಎಲ್ಲ ಸರಿ. ಇನ್ನೊಮ್ಮೆ ನೋಡಿದೆ, ಆಗಲೂ ಸರಿ. ಹಾಳೆಯ ಅಂಚಿನಲ್ಲಿ ಮಗಳು ಪುಟ್ಟ ಪುಟ್ಟ ಟೇಪು ಬರೆದು, ಅದರ ಮೇಲೆ ಎರಡು, ಅರವತ್ತು ಎಂದೆಲ್ಲ ಗುರುತು ಹಾಕಿದ್ದಳು. ಅವಳಿಗೂ ಅಪ್ಪನೇ ಹೇಳಿಕೊಟ್ಟಿದ್ದು. ಆ ಟೇಪುಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಹೀಗೆ ಬರೆದಿತ್ತು: ಈ ರೀತಿ ಎಲ್ಲಿ ಕಲಿತೆ?

ಇವರು ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡೇ, ನನ್ನ ಛೇಡಿಸ್ತಾ ಇದಾಳೆ. ಎಲ್ಲಿ ಕಲಿತೆ ಅಂತೆ!"

"ಛೇಡ್ಸೋಕೆ ಮಾರ್ಕ್ಸ್ ಯಾಕೆ ಕಳೀಬೇಕಿತ್ತು?" ಎಂದೆ.

ನಗು ನಿಂತಿತು. ಪತ್ರಿಕೆಯನ್ನು ಮೇಜಿನ ಮೇಲೆ ಹಾಸಿಕೊಂಡು, ಕನ್ನಡಕ ಏರಿಸಿ ಇಳಿಸಿ, ಬಹಳ ಹೊತ್ತು ನೋಡಿದರು. ಕೊನೆಗೆ ಕುತ್ತಿಗೆಯ ಟೇಪು ತೆಗೆದು ಕಬ್ಬಿಣದ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಎಳೆದರು. "ಅದೇ ಅಂದ್ಕೊಂಡೆ. ಹಳೇ ಟೇಪು, ಹಿಗ್ಗಿಬಿಟ್ಟಿದೆ. ತುದೀಲಿ ನೋಡು, ಒಂದು ನೂಲು ಜಾಸ್ತಿ ಬರ್ತಿದೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ರೀ, ಟೇಪು ಎಷ್ಟು ಹಿಗ್ಗಿದ್ರೂ ಮೂವತ್ತೆಂಟಾದ್ಮೇಲೆ ಮೂವತ್ತೊಂಬತ್ತೇ ಅಲ್ವಾ ಬರೋದು? ಅದಕ್ಕೂ ಲೆಕ್ಕಕ್ಕೂ ಏನ್ರೀ ಸಂಬಂಧ?"

"ನಿನಗೆ ಗೊತ್ತಾಗಲ್ಲ. ಅವಳು ತಪ್ಪು ಹಾಕಿದಾಳೆ ಅಂದ್ರೆ ತಪ್ಪು ನಮ್ ಕಡೇನೇ ಇರ್ಬೇಕು."

ತಂಗಿ ತಪ್ಪು ಮಾಡಿದಳು ಎನ್ನುವುದಕ್ಕಿಂತ ಟೇಪು ತಪ್ಪಿತು ಎನ್ನುವುದು ಇವರಿಗೆ ಸುಲಭವಾಗಿತ್ತು. ಅನ್ನ ಕೊಟ್ಟ ಟೇಪು ಅದು. ಅವತ್ತು ಸಂಜೆಯೇ ಪೇಟೆಗೆ ಹೋಗಿ ಹೊಸದು ತಂದರು.

ಪೋಷಕರ ಸಭೆಯ ದಿನ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೊಸ ಟೇಪನ್ನು ಜೇಬಿನಲ್ಲಿಟ್ಟುಕೊಂಡು ಹೊರಟರು. ಜೊತೆಗೆ ನಾನೂ ಹೋದೆ. ಮಕ್ಕಳು ಕೂರುವ ಗಿಡ್ಡ ಬೆಂಚುಗಳ ಮೇಲೆ ಅಪ್ಪ ಅಮ್ಮಂದಿರು ಮೊಣಕಾಲು ಮಡಚಿಕೊಂಡು ಕೂತಿದ್ದರು. ಮುಂದೆ ಎರಡು ಮೇಜು. ಒಂದರಲ್ಲಿ ನನ್ನ ನಾದಿನಿ ಅದೇ ನೀಲಿ ಕೋಟು ಹಾಕಿಕೊಂಡು ಕೂತಿದ್ದಳು, ಇನ್ನೊಂದರಲ್ಲಿ ಭಾಷಾ ಪಾಠದ ಮಿಸ್.

ನಮ್ಮ ಸರದಿ ಬಂತು. ಅವಳು ತಲೆಯೆತ್ತಿ ನೋಡಿ, "ಬನ್ನಿ, ಕೂತ್ಕೊಳ್ಳಿ" ಎಂದಳು.

ಇವರು ತಿರುಗಿ ಹಿಂದೆ ನೋಡಿದರು. ಬೇರೆ ಯಾರನ್ನೋ ಕರೆದಳು ಎಂದುಕೊಂಡರು ಪಾಪ. ಹಿಂದೆ ಯಾರೂ ಇರಲಿಲ್ಲ.

ಕೂತರು. ಜೇಬಿನಿಂದ ಟೇಪು ತೆಗೆದು ಮೇಜಿನ ಮೇಲಿಟ್ಟು, "ಹಳೇದು ಹಿಗ್ಗಿತ್ತು. ಹೊಸದು ತಂದಿದೀನಿ. ಇನ್ಮೇಲೆ ತಪ್ಪಾಗಲ್ಲ" ಎಂದು ನಕ್ಕರು. ಅವಳು ನಕ್ಕರೆ ಸಾಕಿತ್ತು, ಅದಕ್ಕಾಗಿಯೇ ಆ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದರು.

ಅವಳು ನಗಲಿಲ್ಲ. ಟೇಪಿನ ಮೇಲೆ ಒಂದು ಪುಸ್ತಕ ಸರಿಸಿದಳು. "ನೋಡಿ, ಉತ್ತರ ಸರಿ ಇದೆ. ಆದ್ರೆ ಕ್ರಮ ಸರಿ ಇಲ್ಲ. ಪಕ್ಕದ ಅಂಕಿಯಿಂದ ದಶಕ ಸಾಲ ತಗೊಂಡು ಕಳೀಬೇಕು, ಪುಸ್ತಕದಲ್ಲಿ ಇರೋ ಹಾಗೆ. ಮನೇಲಿ ಯಾರೋ ಏನೋ ಹೇಳ್ಕೊಡ್ತಾರೆ. ಅದೆಲ್ಲ ಶಾಲೇಲಿ ನಡೆಯಲ್ಲ."

ಯಾರೋ. ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಇವರು ನನ್ನ ಮೊಣಕೈ ಹಿಡಿದರು. ಪಕ್ಕದ ಮೇಜಿನ ಮಿಸ್ ಇತ್ತ ತಿರುಗಿ, "ಪರಿಚಯದವರಾ?" ಎಂದು ಕೇಳಿದಳು. ಮೂಗು ತೂರಿಸುವ ಜನ ಎಲ್ಲೆಡೆ ಇರುತ್ತಾರೆ. ಆದರೆ ಆ ಗಳಿಗೆಯಲ್ಲಿ ನಾನು ಅವಳಿಗೆ ಮನಸ್ಸಿನಲ್ಲೇ ಕೈಮುಗಿದೆ. ಈಗಲಾದರೂ ಅಣ್ಣ ಅಂತ ಹೇಳೇ, ಹೇಳಿಬಿಡೇ ಎಂದುಕೊಂಡೆ.

"ಹೂಂ, ನಮ್ಮ ಟೈಲರ್" ಎಂದಳು ನನ್ನ ನಾದಿನಿ. "ಈ ಕೋಟು ಇವರೇ ಹೊಲಿದಿದ್ದು."

"ಓ, ಎಷ್ಟು ಚೆನ್ನಾಗಿದೆ! ನನಗೂ ಒಂದು ಹೊಲಿಸ್ಬೇಕಿತ್ತು, ಅಂಗಡಿ ಎಲ್ಲಿ?"

ಇವರು ಎದ್ದು ನಿಂತು ಅಂಗಡಿಯ ವಿಳಾಸ ಹೇಳಿದರು. ಎಲ್ಲಿ ತಿರುಗಬೇಕು, ಯಾವ ಬಾಗಿಲು ಎಂದು ಒಂದೂ ಬಿಡದೆ, ಗಿರಾಕಿಗೆ ಹೇಳುವ ಹಾಗೆ ಹೇಳಿದರು. ಟೇಪು ಅಲ್ಲೇ ಪುಸ್ತಕದ ಕೆಳಗೆ ಉಳಿಯಿತು.

ಬರುವಾಗ ದಾರಿಯಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನನಗೆ ಕೋಪ ಬಂದದ್ದು ಮಗಳ ಮಾರ್ಕ್ಸಿಗಲ್ಲ. ಮೇಜಿನ ಕೆಳಗಿಂದ ಎತ್ತಿ ಕುರ್ಚಿಯಲ್ಲಿ ಕೂರಿಸಿದವನನ್ನೇ ಅವಳು ಅಣ್ಣ ಎನ್ನಲಿಲ್ಲವಲ್ಲ, ಅದಕ್ಕೆ. ಇವರು ಕೇಳಿಸಿಕೊಂಡರು. ನಮ್ಮ ಬೀದಿಯ ತಿರುವಿನಲ್ಲಿ ಮಾತ್ರ, "ಟೈಲರ್ ಅಂದಿದ್ದು ಸುಳ್ಳೇನಲ್ವಲ್ಲ" ಎಂದರು. ಆ ದನಿ ಕೇಳಿ ನಾನು ಬೈಯುವುದನ್ನು ನಿಲ್ಲಿಸಿದೆ.

ಮನೆಗೆ ಬಂದವರೇ ಮಗಳನ್ನು ಕರೆದು, "ಇನ್ಮೇಲೆ ಮಿಸ್ ಹೇಳಿದ ಹಾಗೇ ಮಾಡಮ್ಮ. ಟೇಪು ಬೇಡ" ಎಂದರು. ಮಗಳು ರಬ್ಬರು ತಂದು ಮನೆಲೆಕ್ಕದ ಅಂಚಿನಲ್ಲಿದ್ದ ಟೇಪುಗಳನ್ನೆಲ್ಲ ಅಳಿಸಿದಳು.

ಮುಂದಿನ ಭಾನುವಾರ ನಾದಿನಿ ಬಂದಳು. ಕೈಯಲ್ಲಿ ಬೂದು ಬಣ್ಣದ ಕೋಟಿನ ಬಟ್ಟೆ. ಬಾಗಿಲಲ್ಲೇ "ಅಣ್ಣಾ" ಎಂದಳು, ಏನೂ ಆಗಿಲ್ಲದವಳ ಹಾಗೆ. ಇವರು ಮಿಷನ್ನು ನಿಲ್ಲಿಸಲಿಲ್ಲ. ಅವಳು ಬಟ್ಟೆಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಶುರುಮಾಡಿದಳು. "ಅಲ್ಲಿ ಎಲ್ರೂ ದೊಡ್ಡ ದೊಡ್ಡ ಮನೆಯವ್ರು ಅಣ್ಣ. ಅಪ್ಪ ಏನ್ ಮಾಡ್ತಿದ್ರು, ಅಣ್ಣ ಏನ್ ಮಾಡ್ತಾನೆ ಅಂತ ಕೇಳ್ತಾರೆ. ಸೇರಿದ ಹೊಸ್ತರಲ್ಲಿ ಏನೋ ಒಂದು ಹೇಳ್ಬಿಟ್ಟಿದೀನಿ. ಮಗು ಆ ಟೇಪು ಬರ್ದಿದ್ದು ನೋಡಿ, ಎಲ್ರಿಗೂ ಗೊತ್ತಾಗ್ಬಿಡತ್ತೆ ಅಂತ ಭಯ ಆಯ್ತು. ಹೊಟ್ಟೆಗೆ ಹಾಕ್ಕೋ."

ಮಿಷನ್ನು ನಿಂತಿತು. ಇವರು ನನ್ನ ಕಡೆ ತಿರುಗಿ, "ಅಳತೆ ತಗೋ" ಎಂದರು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವಳಿಗೆ ತಕ್ಷಣ ಅರ್ಥವಾಯಿತು. ಆದರೂ ನನ್ನ ಹಿಂದೆ ಪರದೆಯೊಳಗೆ ಬಂದು ಕೈಯೆತ್ತಿ ನಿಂತಳು. ಜಗಳಕ್ಕೆ ಕಾದಿದ್ದ ನಾನು ಅವಳ ಭುಜದ ಮೇಲೆ ಟೇಪಿಟ್ಟೆ. ಭುಜದ ಅಳತೆ ಕೂಗಿದೆ. ತೋಳಿಗೆ ಬಂದಾಗ ಅವಳು ಬಿಕ್ಕಿದಳು. ಉಳಿದದ್ದನ್ನು ನಾನು ಕೂಗಲೇ ಇಲ್ಲ. ಟೇಪು ಸುತ್ತಿಕೊಂಡು ಹೊರಗೆ ಬಂದೆ.

ಬಂದು ನೋಡಿದರೆ ಚೀಟಿ ತುಂಬಿತ್ತು. ತೋಳು, ಎದೆ, ಸೊಂಟ, ಉದ್ದ ಎಲ್ಲವೂ ಇವರ ಗುಂಡು ಅಕ್ಷರದಲ್ಲಿ. ಬಟ್ಟೆಯ ಮೂಲೆಯಿಂದ ಚೂರು ಕತ್ತರಿಸಿ ಪಿನ್ನೂ ಹೊಡೆದಾಗಿತ್ತು. ಮೇಲಿನ ಒಂದು ಸಾಲು ಮಾತ್ರ ಖಾಲಿ.

ಅವಳು ಕಣ್ಣೊರೆಸಿಕೊಂಡು ಪರದೆ ಸರಿಸಿ ಬಂದಳು. ಇವರು ಪೆನ್ನನ್ನು ಆ ಖಾಲಿ ಸಾಲಿನ ಮೇಲಿಟ್ಟು, ತಲೆಯೆತ್ತದೆ ಕೇಳಿದರು.

"ಹೆಸರು ಏನಂತ ಬರ್ಕೊಳ್ಳಲಿ, ಮಿಸ್?"