ಕೊಂಡಿ ಬಿಚ್ಚಿದ ದಿನ

ಮೊನ್ನಿ ನನ್ನ ಮೊಮ್ಮಗಳು ನೀಲಾ ಒಂದು ಡಬ್ಬಿ ಒಡದ್ಲು. ಹೊಸ ರಟ್ಟಿನ ವಾಸನಿ, ಒಳಗ ರೊಟ್ಟಿಯಷ್ಟಗಲದ ಕರಿ ತಟ್ಟಿಗಳು. ಆಕಿ ರಾಕ್ ಬ್ಯಾಂಡಿನ ಮೊದಲನೇ ರೆಕಾರ್ಡ್ ಅವು. ಯಾವ ಕಂಪನಿಯವರೂ ಒಲ್ಲೆ ಅಂದ ಮ್ಯಾಲೆ ತಾವೇ ಹೊರಗ ತಂದಾರ. ಅದಕ್ಕ 'ಸ್ವತಂತ್ರ' ಅಂತಾರಂತ. ನಮ್ಮ ಕಾಲದಾಗ ಬ್ಯಾರೆ ಹೆಸರಿತ್ತು, ಇರಲಿ ಬಿಡ್ರಿ. ತಟ್ಟಿ ಹಚ್ಚಿ ಕೇಳಾಕ ಓಣ್ಯಾಗ ಯಾರ ಮನ್ಯಾಗೂ ಮಷೀನಿಲ್ಲ. ಎಲ್ಲಾರೂ ಕೈಯಾಗ ಹಿಡದು ನೋಡಿ, ಹಾಡು ಭಾಳ ಚಲೋ ಅದಾವು ಅಂದು ಹೋದ್ರು.

ಹೋದ ವರ್ಷ ಇದನ್ನ ಹಾಡಿದ್ದು ನನ್ನ ಮಗ್ಗದ ಖೋಲ್ಯಾಗ. ಇಳಕಲ್ಲಿನ್ಯಾಗ ಅಷ್ಟು ದಪ್ಪ ಗ್ವಾಡಿ ಬ್ಯಾರೆ ಎಲ್ಲಿ ಸಿಗತಾವ? ನೀಲಾ ಹಾಡಾಕಿ, ಬಾರಿಸಾಕ ಬದಾಮಿ ಹುಡುಗರು ಮೂವರು, ಕೂದಲಾ ನನ್ನ ಹೆರಳಿಗಿಂತ ಉದ್ದ. ಧ್ವನಿ ಹಿಡಿಯೋ ಮಷೀನು ಒಂದ ದಿನಕ್ಕ ತಂದಿದ್ರು. ನಾನೂ ಒಂದ ದಿನ ಕೊಟ್ಟೆ, ಕೊಂಡಿ ಹಾಕೋ ದಿನ. ಸೀರಿ ಮೈಯ ಎಳಿಗೆ ಸೆರಗಿನ ಎಳಿ ಒಂದೊಂದ ಹಿಡದು ಕೂಡಸೂದು ಅದು. ಕೈಕೆಲಸ, ಸಪ್ಪಳಿಲ್ಲ.

"ಕೊಂಡಿ ಮುಗಿದ ಕೂಡ್ಲೆ ನಾ ಮಗ್ಗ ಸುರು ಮಾಡಾಕಿ. ನಿಮ್ಮ ಹಾಡು ಮುಗೀಲಿ, ಬಿಡಲಿ," ಅಂದಿದ್ದೆ. ನನ್ನ ಜೋಡಿ ಕೊಂಡಿಗೆ ಕುಂತ ಸಂಕ್ರವ್ವ ಕೇಳಿಸಿಕೊಂಡಿದ್ಲು. ಓಣಿಗೆಲ್ಲ ಸುದ್ದಿ ಮುಟ್ಟಸಾಕಿ ಆಕಿ.

ಏಳು ಹಾಡು ಆದ್ವು. ಹಾಡೇನು, ಭಾಂಡೆ ಸಾಮಾನು ಮೆಟ್ಟಲ ಇಳದಂಗ. ಎಂಟನೇದು ನೀಲಾ ತಾನೇ ಕಟ್ಟಿದ್ದು, ರೆಕಾರ್ಡಿಗೂ ಅದರದೇ ಹೆಸರು. ಅದಕ್ಕ ಆಕಿ ಗಂಟಲ ಕೈಕೊಟ್ಟಿತು. ಹಾಡತಾಳ, ನಿಲ್ಲತಾಳ. ನಮ್ಮವು ನಾಕು ಬೆರಳಿನಷ್ಟು ಎಳಿ ಉಳದಿದ್ವು. ಹುಡುಗಿ ನನ್ನ ಕೈ ನೋಡ್ತಾಳ, ಎಳಿ ನೋಡ್ತಾಳ, ಬಾಯಿಬಿಟ್ಟು ಏನೂ ಕೇಳವಲ್ಲಳು.

ಆಡಿದ ಮಾತು ನಾ ನುಂಗಾಕಿ ಅಲ್ಲ. ತಪ್ಪು ಮಾಡೂದು ಅದಕಿಂತ ಸಸಾರ ಅನಿಸ್ತು. ಹಾಕಿದ ಕೊಂಡಿ ಒಂದು ಗೇಣು ಬಿಚ್ಚಿದೆ.

"ಏನ ಮಾಡಿದೆ ನಮ್ಮವ್ವ?" ಅಂದ್ಲು ಸಂಕ್ರವ್ವ.

"ಎಳಿ ತಪ್ಪೇನಿ. ಕಣ್ಣು ಹೋದ್ವು."

"ನಲವತ್ತು ವರ್ಷದಾಗ ಒಮ್ಮೆನೂ ತಪ್ಪಿಲ್ಲ ನೀ."

"ಈಗ ತಪ್ಪೇನಿ. ಸುಮ್ನ ಬಿಚ್ಚು."

ತಿರಗಿ ಹಾಕೂದ್ರೊಳಗ ನೀಲಾ ಹಾಡಿ ಮುಗಿಸಿದ್ಲು. ಚಂದಿತ್ತೋ ಇಲ್ಲೋ ನನಗ ತಿಳಿಯೂದಿಲ್ಲ. ಜೋರಂತೂ ಇತ್ತು.

ಸಂಕ್ರವ್ವ ತನ್ನ ಕೆಲಸ ತಾ ಮಾಡಿದ್ಲು. ಅವತ್ತಿನಿಂದ ಬ್ಯಾರೆಯವರ ಕೊಂಡಿಗೆ ನನ್ನ ಕರಿಯೂದು ನಿಂತಿತು. ಮೊದಲೆಲ್ಲ ಮದಿವಿ ಸೀರಿಗೆ ನನ್ನ ಕೈನೇ ಬೇಕಿತ್ತು. ಈಗ, "ಮುದುಕಿ ಕಣ್ಣು ಹೋಗ್ಯಾವ, ಕುಂದರಲಿ ಪಾಪ." ಪಾಪ ಅನಿಸಿಕೊಂಡು ನೋಡ್ರಿ ಒಮ್ಮೆ, ಎಷ್ಟು ಹಿತ ಆಗ್ತದಂತ.

ಡಬ್ಬಿ ಬಂದ ಮರುದಿನ ನೀಲಾ ನನ್ನ ಬಾಗಲಕೋಟಿ ಕಣ್ಣಿನ ದವಾಖಾನಿಗೆ ಎಳಕೊಂಡು ಹೋದ್ಲು. ಡಾಕ್ಟರು ಬೆಳಕು ಬಿಟ್ಟು ನೋಡಿ, "ಚಾಳೀಸು ಬರೋಬ್ಬರಿ ಐತಿ. ಕಣ್ಣಿಗೇನೂ ಆಗಿಲ್ಲ. ಯಾರು ಹೇಳಿದ್ರವ್ವಾ ನಿಮಗ?" ಅಂದ್ರು.

ಬಸ್ಸು ಹುನಗುಂದ ದಾಟಿತು. ಹುಡುಗಿ ನನ್ನ ಕಡೆ ಹೊಳ್ಳಿ ಕುಂತ್ಲು. "ಆಯಿ, ಮತ್ತ ಆವತ್ತು?"

"ನಿಮ್ಮ ಸಪ್ಪಳಕ್ಕ ಕಿವಿಗೆ ಬಿದ್ದ ಪೆಟ್ಟು ಕಣ್ಣಿಗೆ ಹತ್ತಿತ್ತು."

"ಸಂಕ್ರವ್ವಗ ಖರೆ ಹೇಳ್ತೇನಿ ನಾ."

"ಮಾತು ನುಂಗಿದಾಕಿ ಅನ್ನಿಸಿಕೊಳ್ಳೂದಕ್ಕಿಂತ ಕುರುಡಿ ಅನ್ನಿಸಿಕೊಳ್ತೇನಿ," ಅಂದು ಕಿಡಕಿ ಕಡೆ ಮಾರಿ ತಿರುವಿದೆ. "ಹೇಳಿ ನೋಡು. ಮುಂದಿನ ತಟ್ಟಿ ಬಸ್‌ಸ್ಟ್ಯಾಂಡಿನ್ಯಾಗ ಹಾಡಬೇಕಾಗ್ತದ."