ಕತ್ತಲೆಗೆ ಬಣ್ಣ ಕಟ್ಟಿದ ಅತ್ತೆ

ಮೊನ್ನೆ ಅಡುಗೆಮನೆಯ ಅಟ್ಟ ಒರೆಸುವಾಗ ಮೂಲೆಯಲ್ಲಿ ಮರೆತುಹೋದ ಬೆಲ್ಲದ ಡಬ್ಬಿ ಸಿಕ್ಕಿತು. ಬೆಲ್ಲ ನೀರೊಡೆದು ಹುಳಿ ಬಂದಿತ್ತು, ಡಬ್ಬಿಯ ತಳ ತುಕ್ಕು ಹಿಡಿದಿತ್ತು. ಬೇರೆ ಯಾರೇ ಮುಚ್ಚಳ ತೆಗೆದಿದ್ದರೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಮೂಗನ್ನು ಇನ್ನಷ್ಟು ಹತ್ತಿರ ಒಯ್ದೆ. ನಗಬೇಡಿ. ನಿಮಗೆ ಮಲ್ಲಿಗೆಯ ವಾಸನೆಗೆ ತವರು ನೆನಪಾಗಬಹುದು. ನನಗೆ ನೆನಪಾಗಲು ಹುಳಿಬೆಲ್ಲ ಮತ್ತು ತುಕ್ಕು ಬೇಕು. ಕೊಟ್ಟೂರಿನ ನಮ್ಮ ಹಿತ್ತಲು, ಅಲ್ಲಿ ಹಂಡೆಯ ಮುಂದೆ ಸೀರೆ ಎತ್ತಿ ಕಟ್ಟಿ ನಿಂತ ನನ್ನ ಸೋದರತ್ತೆ ಆಗ ಕಣ್ಣಿಗೆ ಕಟ್ಟುತ್ತಾಳೆ.

ಅತ್ತೆ ನೂಲಿಗೆ ಬಣ್ಣ ಹಾಕುವವಳು. ನೇಕಾರರ ಸಂಘದಿಂದ ಬಿಳಿ ನೂಲಿನ ಲಡಿಗಳು ಬರುತ್ತಿದ್ದವು, ಬಣ್ಣವಾಗಿ ಹೋಗುತ್ತಿದ್ದವು. ಅವಳ ಕೈ ಮೊಣಕೈತನಕ ಆ ವಾರದ ಬಣ್ಣದಲ್ಲಿರುತ್ತಿತ್ತು. ಮದುವೆ ಮನೆಯಲ್ಲೂ ಅದನ್ನು ಸೆರಗಿನಲ್ಲಿ ಮುಚ್ಚಿದವಳಲ್ಲ. ಅಕ್ಷರ ಬರುತ್ತಿರಲಿಲ್ಲ. ಆದರೆ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದರೆ ತಿಂಗಳಿಡೀ ಅದೇ ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಓದುವ ಶಾಸ್ತ್ರಿಗಳು ಬೇಗ ಮುಗಿಸುವ ಆಸೆಗೆ ಒಂದು ಪದ್ಯ ನುಂಗಿದರೆ ಕಂಬದ ಕಡೆಯಿಂದ ಕೆಮ್ಮು ಕೇಳುತ್ತಿತ್ತು. ಪಾಪ, ಅವರು ಹಿಂದಕ್ಕೆ ಹೋಗಿ ಅದನ್ನು ಓದಿಯೇ ಮುಂದೆ ಹೋಗಬೇಕಾಗುತ್ತಿತ್ತು.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಹರಪನಹಳ್ಳಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಜೋತುಬಿದ್ದು ಹೋಗಿ ಬಿ.ಎ. ಓದುತ್ತಿದ್ದೆ. ಹಳಗನ್ನಡ ಕಾವ್ಯವೊಂದರ ಭಾಗ ನಮಗೆ ಪಠ್ಯವಾಗಿತ್ತು. ಹಳೆಯ ಕಾವ್ಯಗಳ ರೀತಿ ನಿಮಗೆ ಗೊತ್ತಲ್ಲ, ಹದಿನೆಂಟು ವರ್ಣನೆ ಇರಲೇಬೇಕು. ಕಥೆ ನಡುದಾರಿಯಲ್ಲಿ ಕಾಯುತ್ತಿದ್ದರೂ ಕವಿ ಆರಾಮಾಗಿ ಸಂಜೆ ನೋಡುತ್ತಾ ಕೂತಿರುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಟ್ಟಿಯಾಗಿ ಓದಿದರಾದರೂ ತಲೆಗೆ ಹತ್ತೀತೆಂದು ಹಂಡೆಯ ಪಕ್ಕ ಕೂತು ಒದರುತ್ತಿದ್ದೆ.

ಆ ವಾರವೇ ಸಂಘದ ಕಾರ್ಯದರ್ಶಿ ಮನೆಗೆ ಬಂದು ಹೋಗಿದ್ದರು. "ನೋಡ್ರಿ ಅಮ್ಮಾರ, ಮಿಲ್ಲಿನಿಂದ ಬಣ್ಣದ ನೂಲ ಬರ್ತೈತಿ ಈಗ. ನೀವು ಅದ ಐದು ಬಣ್ಣ ಎಷ್ಟು ದಿನ ಹಾಕ್ತೀರಿ? ಹೊಸಪೇಟಿಯಾಗ ಪ್ರದರ್ಶನ ಐತಿ. ಹೊಸಾ ಬಣ್ಣ ಕೊಟ್ರ ನೋಡೋಣು, ಇಲ್ಲಾಂದ್ರ ಹಂಡಿ ಬೋರಲು ಹಾಕ್ರಿ." ಅತ್ತೆ ಮೂರು ದಿನ ತಲೆ ಎತ್ತದೆ ಕೋಲಿನಿಂದ ಹಂಡೆ ತಿರುವಿದಳು. ಗಂಡ ಸತ್ತ ಮೇಲೆ ತವರಿಗೆ ಬಂದವಳು. ಹಂಡೆ ಹೋದರೆ ಅಣ್ಣನ ಮನೆಯಲ್ಲಿ ತಾನು ಉಣ್ಣುವ ಇನ್ನೊಂದು ಬಾಯಿ ಅಷ್ಟೇ ಎಂದು, ಯಾರೂ ಅನ್ನದಿದ್ದರೂ, ಅವಳಿಗೆ ಗೊತ್ತಿತ್ತು.

ನಾಲ್ಕನೆಯ ದಿನ ನಾನು ಸೂರ್ಯ ಮುಳುಗುವುದನ್ನು ಓದುತ್ತಿದ್ದಾಗ ಅತ್ತೆ ಕೋಲು ಕೆಳಗಿಟ್ಟಳು. "ನಿಲ್ಲು ಯವ್ವಾ. ಆ ಸಂಜಿ ಇನ್ನೊಂದ್ಸಲ ಓದು. ಬಿಡಿಸಿ ಹೇಳು."

ಗೈಡಿನ ಕೃಪೆಯಿಂದ ಬಿಡಿಸಿ ಹೇಳಿದೆ. ಬಿಸಿಲು ಹಣ್ಣಾಯಿತು, ಪಡುವಣ ಕೆಂಪಾಯಿತು, ಆ ಕೆಂಪು ಕೆರೆಯ ನೀರಿಗಿಳಿಯಿತು, ಬೆಳದಿಂಗಳು ಬಂತು. ಮರುದಿನದಿಂದ ಒಣಗಿಸಿಟ್ಟ ಮುತ್ತುಗದ ಹೂವು, ಮಂಜಿಷ್ಠ, ದಾಳಿಂಬೆ ಸಿಪ್ಪೆ ಒಂದೊಂದಾಗಿ ಹಂಡೆಗೆ ಬಿದ್ದವು. ಬಿಸಿಲಿಗೊಂದು ಲಡಿ, ಪಡುವಣಕ್ಕೊಂದು, ಬೆಳದಿಂಗಳಿಗೊಂದು. ಕೆರೆಯ ಕೆಂಪನ್ನು ಮಾತ್ರ ನಾಲ್ಕು ಸಲ ತೊಳೆದಳು: "ನೀರಾಗ ಬಿದ್ದಿದ್ದು ಅಷ್ಟು ಕೆಂಪಿರಂಗಿಲ್ಲ." ಹಿತ್ತಲಿನ ಹಗ್ಗದ ಮೇಲೆ ಎಲ್ಲವನ್ನೂ ಸಾಲಾಗಿ ಹಾಕಿ, ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳು. ಆಮೇಲೆ ಕೆಮ್ಮಿದಳು.

"ಹೊತ್ತು ಮುಳುಗ್ತು, ಕೂಡ್ಲೇ ಚಂದ್ರಾಮ ಬಂದ್ನಾ? ನಡುವಿನ ಕತ್ತಲಿ ಎಲ್ಲಿ ಹೋತು?"

ಕತ್ತಲೆಗೆ ನಾಲ್ಕು ಪದ್ಯಗಳಿದ್ದವು. ಕಬ್ಬಿಣದ ಕಡಲೆ ಎಂದು ನಾನು ನಾಲ್ಕನ್ನೂ ಹಾರಿಸಿದ್ದೆ.

"ಅದು ಪರೀಕ್ಷಾಕ್ಕ ಬರಂಗಿಲ್ಲ, ಅತ್ತಿ."

"ಹಂಡಿಗಿ ಬರ್ತೈತಿ. ಓದು."

ಓದಿದೆ. ಆ ಕವಿಯ ಕತ್ತಲೆ ಮೇಲಿನಿಂದ ಬೀಳುವುದಿಲ್ಲ. ಮೊದಲು ಮರದ ಬುಡದಲ್ಲಿ ಕೂರುತ್ತದೆ, ಆಮೇಲೆ ಹೊಲಕ್ಕೆ ಹರಡುತ್ತದೆ, ಕೊನೆಗೆ ಮುಗಿಲಿಗೆ ಏರುತ್ತದೆ. ಅಂಗಡಿಯ ಕರಿ ಬಣ್ಣದ ಪೊಟ್ಟಣ ತರಲೇ ಎಂದು ಕೇಳಿದೆ. "ಅದು ಬರೇ ಕರೀದು. ಕತ್ತಲಿ ಅಲ್ಲ" ಎಂದು ಅತ್ತೆ ತುಕ್ಕು ಹಿಡಿದ ಎತ್ತಿನ ಲಾಳಗಳನ್ನು ಆರಿಸಿ, ಬೆಲ್ಲದ ನೀರಿನ ಮಡಕೆಗೆ ಹಾಕಿ ಬಾಯಿ ಕಟ್ಟಿದಳು. ತುಕ್ಕು ಬೆಲ್ಲದಲ್ಲಿ ಹುಳಿತು ಕಪ್ಪು ಕೊಡುವ ನೀರಾಗಲು ಇಪ್ಪತ್ತು ದಿನ ಬೇಕು. ಪ್ರದರ್ಶನಕ್ಕೆ ಹತ್ತೇ ದಿನವಿತ್ತು.

ಸಂಘದಿಂದ ಎರಡು ಸಲ ಹೇಳಿ ಕಳಿಸಿದರು. "ಇದ್ದದ್ದ ಕೊಟ್ಟು ಕಳ್ಸಬಾರ್ದೇನು?" ಎಂದು ಅಪ್ಪ ರೇಗಿದ. ಅತ್ತೆ ಜಗ್ಗಲಿಲ್ಲ. "ಕತ್ತಲಿ ಇಲ್ದ ಬೆಳದಿಂಗಳು ಯಾರಿಗಿ ಕಾಣ್ತೈತಿ, ಅಣ್ಣಾ? ಪದ್ಯ ನುಂಗಿ ನಾ ಕಳ್ಸಂಗಿಲ್ಲ." ಪ್ರದರ್ಶನ ನಡೆದು ಮುಗಿಯಿತು. ನಾನು ಮೊದಲೇ ಆ ಪದ್ಯಗಳನ್ನು ಓದಿದ್ದರೆ ಮಡಕೆ ಅಷ್ಟು ಮೊದಲೇ ಕೂರುತ್ತಿತ್ತು. ನಾನು ಬಚ್ಚಲಿನಲ್ಲಿ ನೀರಿನ ಸದ್ದು ಮಾಡಿಕೊಂಡು ಅತ್ತುಬಿಟ್ಟೆ.

ಇಪ್ಪತ್ತೊಂದನೆಯ ದಿನ ಮಡಕೆ ಬಿಚ್ಚಿದಳು. ಅಳಲೆಕಾಯಿ ಕಷಾಯದಲ್ಲಿ ನೆನೆದು ಹಳದಿಯಾಗಿದ್ದ ನೂಲು ಆ ನೀರಿಗೆ ಬಿದ್ದದ್ದೇ ಕಣ್ಣೆದುರೇ ಕಪ್ಪಾಗತೊಡಗಿತು. ಒಂದು ಸಲ ಅದ್ದಿದ್ದು ಬುಡದ ಕತ್ತಲೆ, ಎರಡು ಸಲ ಅದ್ದಿದ್ದು ಹೊಲದ್ದು, ಮೂರು ಸಲ ಅದ್ದಿದ್ದು ಮುಗಿಲಿನದು. ಮೂರನ್ನೂ ಹಗ್ಗದ ಮೇಲೆ ಅವುಗಳ ಜಾಗಕ್ಕೆ ಹಾಕಿದಾಗ, ನಿಮ್ಮಾಣೆ, ಪಕ್ಕದ ಬೆಳದಿಂಗಳ ಲಡಿ ಆಗಷ್ಟೇ ಬೆಳಗಿತು.

ಮರುದಿನ ಕಾರ್ಯದರ್ಶಿ ಉಳಿದ ಬಿಳಿ ನೂಲನ್ನು ಹೊತ್ತೊಯ್ಯಲು ಬಂದರು. ಅತ್ತೆಯ ಕೆಲಸ ಮುಗಿಯಿತು ಎಂದರ್ಥ. ಹಿತ್ತಲಿಗೆ ಬಂದವರು ಹಗ್ಗದ ಎದುರು ನಿಂತುಬಿಟ್ಟರು. "ಇವು ಯಾವ ಬಣ್ಣರೀ ಅಮ್ಮಾರ?"

"ಅಕಿ ಓದ್ತಾಳ, ಕೇಳ್ರಿ" ಎಂದು ಅತ್ತೆ ನನ್ನ ಕಡೆ ಕೈ ಮಾಡಿದಳು. ಮೊಣಕೈತನಕ ಕತ್ತಲೆ ಮೆತ್ತಿದ್ದ ಕೈ.

ಓದಿದೆ, ಒಂದಕ್ಷರ ನುಂಗದೆ. ಅವರು ಕೊನೆತನಕ ಕೇಳಿದರು. ಬಿಳಿ ನೂಲನ್ನು ಅಲ್ಲೇ ಬಿಟ್ಟು, ಹಗ್ಗದ ಮೇಲಿನ ಲಡಿಗಳನ್ನು ಸಾಲು ತಪ್ಪದಂತೆ ಇಳಿಸಿಕೊಂಡರು. "ಇದ ವರಸಿಯಾಗ ಸೀರಿ ನೇಸ್ತೀನ್ರಿ. ಹಂಡಿ ಇಳಿಸಬ್ಯಾಡ್ರಿ." ಅತ್ತೆ ಬದುಕಿರುವ ತನಕ ಆ ಒಲೆ ಆರಲಿಲ್ಲ. ಆ ದಿನ ನನಗಾದ ಹೆಮ್ಮೆ ಆಮೇಲೆ ಪದವಿ ಕೈಗೆ ಬಂದಾಗಲೂ ಆಗಲಿಲ್ಲ.

ಈಗ ನಾನೇ ಹಳಗನ್ನಡ ಕಲಿಸುವವಳು. ನಾಚಿಕೆ ಬಿಟ್ಟು ಹೇಳುತ್ತೇನೆ: ಈ ವರ್ಷದ ಮಕ್ಕಳಿಗೆಂದು ಅದೇ ಕಾವ್ಯಕ್ಕೆ ಟಿಪ್ಪಣಿ ಬರೆಯುತ್ತಾ, ಪಾಠ ಬೇಗ ಮುಗಿಯಲೆಂದು, ಆ ನಾಲ್ಕು ಪದ್ಯಗಳನ್ನು ಮತ್ತೆ ಬಿಟ್ಟಿದ್ದೆ. ಅಟ್ಟದಿಂದ ಇಳಿದು ಕೈಯನ್ನೂ ತೊಳೆಯದೆ ಮೇಜಿಗೆ ಹೋದೆ. ನಾಲ್ಕನ್ನೂ ಅವುಗಳ ಜಾಗದಲ್ಲಿ ಬರೆದೆ, ಅರ್ಥ ಬರೆದೆ. ಆಮೇಲೆ ವ್ಯಾಖ್ಯಾನಕಾರರ ಹೆಸರು ಹಾಕುವ ಕಡೆ ದುಂಡಗಿನ ಅಕ್ಷರದಲ್ಲಿ ಬರೆದೆ: ಗಂಗವ್ವ, ಬಣ್ಣ ಹಾಕುವವಳು, ಕೊಟ್ಟೂರು.